ಮೊದಲು ಸೀನಿದವರು ಚಹಾ ಮಾಡಬೇಕು

ಇವತ್ತು ಎರಡು ಕೆಜಿ ಬ್ಯಾಡಗಿ ಮೆಣಸಿನಕಾಯಿ ತಂದೆ. ಚೀಲ ಬಿಚ್ಚಿದ ಕೂಡಲೇ ಘಾಟು ಮೂಗಿಗೆ ಬಂತು. ಅವ್ವ ನೆನಪಾದಳು.

ಹಾವೇರಿಯ ನಮ್ಮ ಮನೆಯಲ್ಲಿ ಮುಂದಿನ ಖೋಲಿಯೇ ಅವ್ವನ ಅಂಗಡಿ. ಖಾರಪುಡಿ, ಮಸಾಲೆ ಖಾರ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ನಾಲ್ಕಕ್ಕೇ ಎದ್ದು ತೊಟ್ಟು ಬಿಡಿಸಲು ಕೂರುತ್ತಿದ್ದಳು. ಬ್ಯಾಡಗಿಯಲ್ಲೇ ಎರಡು ಬಗೆ. ಡಬ್ಬಿ ಕಾಯಿ ಗಿಡ್ಡ, ದಪ್ಪ. ಕಡ್ಡಿ ಕಾಯಿ ಉದ್ದ, ಮೈತುಂಬ ಸುಕ್ಕು. ಖಾರ ಕಮ್ಮಿ, ಬಣ್ಣ ಜಾಸ್ತಿ ಬೇಕು ಅನ್ನೋರಿಗೆ ಬ್ಯಾಡಗಿ ಕಾಯಿಯೇ ಅಲ್ವಾ? 2011ರಲ್ಲಿ ಇದಕ್ಕೆ ಜಿಐ ಟ್ಯಾಗ್, ಅಂದರೆ ಈ ಸೀಮೆಯದ್ದೇ ಬೆಳೆ ಅನ್ನೋ ಸರ್ಕಾರಿ ಗುರುತು, ಸಿಕ್ಕಿದ ಸುದ್ದಿ ಓದಿ ಹೇಳಿದೆ. "ಅವ್ರಿಗೆ ಈಗ ಗೊತ್ತಾತೇನು?" ಅಂತ ನಕ್ಕಳು.

ನಾವು ಮಕ್ಕಳೂ ಪಕ್ಕದಲ್ಲೇ ಕೂರಬೇಕು. "ಮೊದ್ಲು ಸೀನಿದವ್ರು ಎಲ್ಲಾರಿಗೂ ಚಹಾ ಮಾಡ್ಬೇಕ್ ನೋಡ್ರಿ" ಅಂತ ಪಂದ್ಯ ಕಟ್ಟುವಳು. ಸೀನು ಬಂದರೂ ತಾನು ಸೆರಗಿನಲ್ಲಿ ಮುಖ ಮುಚ್ಚಿ ತಡೆದುಕೊಳ್ಳುವಳು. ಭುಜ ಮಾತ್ರ ಅಲುಗುತ್ತಿತ್ತು. ಕೆಲಸ ಮುಗಿದ ಮೇಲೆ ಕೆಂಪಾದ ಎರಡೂ ಅಂಗೈ ಚಾಚಿ, "ಗಲ್ಲಾ ಹಿಡೀಲೇನಲೇ?" ಅಂತ ಅಂಗಳದ ತುಂಬ ಅಟ್ಟಿಸಿಕೊಂಡು ಬರುತ್ತಿದ್ದಳು.

ರಾತ್ರಿ ಅದೇ ಅಂಗೈ ಉರಿ ತಾಳದೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸುಮ್ನೆ ಕೂತಿರುತ್ತಿದ್ದಳು. ಅದನ್ನು ನಾನು ನೋಡಿದ್ದು ಎರಡೋ ಮೂರೋ ಸಲ. ಅಷ್ಟು ಉರಿಯಲ್ಲೂ ಹಗಲೆಲ್ಲ ನಮ್ಮನ್ನು ಹೇಗೆ ನಗಿಸುತ್ತಿದ್ದಳು? ನನಗೆ ಇಂದಿಗೂ ಬೆರಗು. ಆಗಲೇ ಪಕ್ಕದಲ್ಲಿ ಕೂತು ಆ ಕೈ ಹಿಡಿದುಕೊಳ್ಳಬೇಕಿತ್ತು.

ಇವತ್ತು ತೊಟ್ಟು ಬಿಡಿಸುವಾಗ ಮಗಳಿಗೆ ಈ ಪಂದ್ಯ ಹೇಳಿಕೊಟ್ಟೆ. ಅವಳೇ ಮೊದಲು ಸೀನಿದಳು. ಒಳಗೆ ಚಹಾ ಕುದಿಯುತ್ತಿದೆ.