ಕೆಂಡದ ಮೇಲಿನ ಬಂಗುಡೆ

ನಾನು ಓದಿದ ಶಾಲೆಯ ಸಂಚಿಕೆಗೆ ಏನಾದರೂ ಬರೆದು ಕೊಡಿ ಅಂತ ಮೂರು ಸಲ ಫೋನ್ ಬಂತು. ನಾನು ಬರೆಯುವುದು ಅಂದರೆ ರೋಗಿಯ ಚಾರ್ಟ್, ಮತ್ತೆ ಡ್ಯೂಟಿ ಬದಲಾಗುವಾಗ ಕೊಡುವ ರಿಪೋರ್ಟ್, ಅಷ್ಟೇ. ಹಾಗಾಗಿ ಇದು ಲೇಖನದ ಹಾಗೆ ಇರದಿದ್ದರೆ ಬೈಯಬೇಡಿ. ವಿಷಯವನ್ನೂ ಅವರೇ ಹೇಳಿದರು: ದಿನನಿತ್ಯದ ಬದುಕಿನಲ್ಲಿ ಕ್ರಿಸ್ತನನ್ನು ಎಲ್ಲಿ ಕಂಡಿರಿ ಅಂತ. ಕೇಳಿದ ಕೂಡಲೇ ನನ್ನ ಮೂಗಿಗೆ ಬಂದದ್ದು ಒಣ ಬಂಗುಡೆ ಸುಡುವ ವಾಸನೆ. ನಗಬೇಡಿ, ಹೇಳುತ್ತೇನೆ.

ನಮ್ಮ ಮನೆ ಕಾರ್ಕಳದ ಆಚೆ. ಗದ್ದೆ, ಗುಡ್ಡ, ಗೇರುಮರ ನೋಡಿ ಬೆಳೆದವಳು ನಾನು. ಸಮುದ್ರ ಅಂತ ಮೊದಲು ಕಂಡದ್ದು 1986ರ ಜೂನಿನಲ್ಲಿ, ಎಂಟನೇ ಕ್ಲಾಸಿಗೆ ಸೇರಿಸಲು ಅಪ್ಪ ಮಲ್ಪೆಗೆ ಕರೆದುಕೊಂಡು ಬಂದಾಗ. ಅದೂ ಮಳೆಗಾಲದ ಸಮುದ್ರ! ಬೋರ್ಡಿಂಗಿನ ಮೊದಲ ರಾತ್ರಿ ಆ ಅಬ್ಬರಕ್ಕೆ ಕಣ್ಣು ಮುಚ್ಚಲಿಲ್ಲ. ನಮ್ಮ ಅಜ್ಜ ಮಾತ್ರ ಈ ಊರಿನವರೇ, ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಮಿಷನರಿಗಳಾದ ಬಾಸೆಲ್ ಮಿಷನ್‌ನವರು 1886ರಲ್ಲಿ ಇಲ್ಲಿ ಶುರು ಮಾಡಿದ್ದ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ಬೋರ್ಡಿಂಗಿನ ಹಿಂದೆ ರಾಶಿ ಹಾಕಿದ್ದ ಹಳೇ ಹೆಂಚುಗಳ ಮೇಲೆ 1865 ಅಂತ ಅಚ್ಚೊತ್ತಿದ್ದನ್ನು ನೋಡಿ, ನಮ್ಮ ಶಾಲೆ ಕಟ್ಟಿದ ವರ್ಷ ಅದು ಅಂತ ನಾನು ಮನೆಗೆ ಕಾಗದ ಬರೆದಿದ್ದೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್‌ನ ಮೊದಲ ಹೆಂಚಿನ ಕಾರ್ಖಾನೆ ಶುರುವಾದ ವರ್ಷ ಮಾರಾಯ್ತಿ ಅಂತ ಟೀಚರ್ ನಕ್ಕರು.

ಬೋರ್ಡಿಂಗಿನಲ್ಲಿ ಬೆಳಿಗ್ಗೆ ಐದೂವರೆಗೆ ಗಂಟೆ ಹೊಡೆಯುತ್ತಿತ್ತು. ನಾವು ಚಾಪೆ ಸುತ್ತಿ, ಮುಖ ತೊಳೆದು, ಪ್ರಾರ್ಥನೆಗೆ ಕೂತು, ಅರ್ಧ ನಿದ್ದೆಯಲ್ಲೇ ಹಾಡು ಹಾಡುತ್ತಿದ್ದೆವು. ಆದರೆ ನಮಗಿಂತ ಮುಂಚೆ ಎದ್ದವರು ಒಬ್ಬರಿದ್ದರು, ಅಡುಗೆ ದೊಡ್ಡಮ್ಮ. ನಾವು ಕಣ್ಣು ಬಿಡುವಾಗಲೇ ಅಡುಗೆಕೋಣೆಯ ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಕುಚಲಕ್ಕಿ ಗಂಜಿಗೆ ಆಗಲೇ ಒಲೆ ಉರಿಯುತ್ತಿತ್ತು, ಮಳೆಗಾಲದಲ್ಲಿ ಒದ್ದೆ ತೆಂಗಿನ ಮಡಲು ಹೊತ್ತಿಕೊಳ್ಳದೆ ದೊಡ್ಡಮ್ಮ ಊದಿ ಊದಿ ಕೆಮ್ಮುವುದು ನಮ್ಮ ಪ್ರಾರ್ಥನೆಯ ನಡುವೆ ಕೇಳುತ್ತಿತ್ತು. ಅವರಿಗೆ ಓದು ಬರದು. ಪ್ರಾರ್ಥನೆಗೆ ಬಾಗಿಲ ಹತ್ತಿರ ಬಂದು ಒಂದು ನಿಮಿಷ ನಿಂತು, ಗಂಜಿ ಉಕ್ಕಿದರೆ ಎಂಬ ಗಡಿಬಿಡಿಯಲ್ಲಿ ಓಡಿಹೋಗುತ್ತಿದ್ದರು. ನಮ್ಮ ವಾರ್ಡನ್‌ಗೆ ಅದು ಅಷ್ಟು ಹಿಡಿಸುತ್ತಿರಲಿಲ್ಲ.

ದೊಡ್ಡಮ್ಮನಿಗೆ ಇದ್ದದ್ದು ಒಂದೇ ಪ್ರಶ್ನೆ. ಜ್ವರ ಬಂದರೂ, ಮನೆ ನೆನಪಾಗಿ ಅತ್ತರೂ, ಜಗಳ ಮಾಡಿ ಜಡೆ ಎಳೆದುಕೊಂಡರೂ, ಅವರು ತುಳುವಿನಲ್ಲಿ ಕೇಳುತ್ತಿದ್ದದ್ದು ‘ಒಣಸ್ ಆಂಡಾ?’ ಅಂತ. ಊಟ ಆಯ್ತಾ? ನಮ್ಮ ಕಡೆ ಇದು ನಮಸ್ಕಾರ ಹೇಳಿದ ಹಾಗೆ, ಯಾರೂ ಉತ್ತರಕ್ಕೆ ಕಾಯುವುದಿಲ್ಲ. ದೊಡ್ಡಮ್ಮ ಕಾಯುತ್ತಿದ್ದರು.

ಶುಕ್ರವಾರ ಮೊದಲ ಪೀರಿಯಡ್ ನೀತಿಪಾಠ. ಕ್ಲಾಸಿನಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇದ್ದೆವು, ಮೊಗವೀರ ಹುಡುಗಿಯರೇ ಜಾಸ್ತಿ. ಒಂದು ಸಲ ಈಸ್ಟರ್ ಹತ್ತಿರ ಇದ್ದಾಗ ಟೀಚರ್ ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದ ಕಥೆ ಹೇಳಿದರು. ಯೇಸುಸ್ವಾಮಿ ಸತ್ತು ಎದ್ದು ಬಂದದ್ದನ್ನು ನೋಡಿದ್ದರೂ ಶಿಷ್ಯರಿಗೆ ಮುಂದೇನು ಅಂತ ಗೊತ್ತಿಲ್ಲ. ಪೇತ್ರ ನಾನು ಮೀನು ಹಿಡಿಯಲಿಕ್ಕೆ ಹೋಗುತ್ತೇನೆ ಅಂತಾನೆ, ಉಳಿದವರು ನಾವೂ ಬರುತ್ತೇವೆ ಅಂತಾರೆ. ಒಟ್ಟು ಏಳು ಜನ. ರಾತ್ರಿಯೆಲ್ಲ ಬಲೆ ಹಾಕಿದರೂ ಏನೂ ಇಲ್ಲ. ಬೆಳಗಾಗುವಾಗ ದಡದಲ್ಲಿ ಯಾರೋ ಒಬ್ಬ ನಿಂತಿದ್ದಾನೆ, ಯಾರಂತ ಇವರಿಗೆ ಗುರುತು ಸಿಗುವುದಿಲ್ಲ. ಮಕ್ಕಳೇ, ತಿನ್ನಲಿಕ್ಕೆ ಏನಾದರೂ ಸಿಕ್ಕಿತಾ ಅಂತ ಕೇಳುತ್ತಾನೆ. ಇಲ್ಲ ಅಂತಾರೆ. ಹಾಗಾದರೆ ದೋಣಿಯ ಬಲಗಡೆ ಬಲೆ ಹಾಕಿ ಅಂತಾನೆ. ಹಾಕಿದರೆ ಬಲೆ ಎಳೆಯಲಿಕ್ಕೇ ಆಗದಷ್ಟು ಮೀನು.

ಟೀಚರ್ ಇಲ್ಲಿ ನಿಲ್ಲಿಸಿ, ಇದು ಎಂಥ ಅದ್ಭುತ ನೋಡಿ ಅಂದರು. ಆಗ ನನ್ನ ಪಕ್ಕದಲ್ಲಿ ಕೂತಿದ್ದ ಗೆಳತಿ ಎದ್ದು ನಿಂತಳು. ಅವಳ ಅಪ್ಪ, ಅಜ್ಜ ಎಲ್ಲರೂ ರಂಪಣಿ ಎಳೆದವರು. ‘ಅದರಲ್ಲಿ ಅದ್ಭುತ ಎಂಥದು ಟೀಚರ್? ದೋಣಿಯಲ್ಲಿ ಇರುವವರಿಗೆ ಕಾಣದ ಮೀನು ದಡದಲ್ಲಿ ನಿಂತವರಿಗೆ ಕಾಣ್ತದೆ. ನೀರಿನ ಬಣ್ಣ ಬದಲಾಗ್ತದಲ್ಲ.’

ಇಡೀ ಕ್ಲಾಸು ಗಪ್‌ಚುಪ್. ಬೈಗುಳ ಬೀಳುತ್ತದೆ ಅಂತ ನಾವು ಕಾಯುತ್ತಿದ್ದೆವು. ಟೀಚರ್ ಪುಸ್ತಕ ಮುಚ್ಚಿಟ್ಟು, ‘ಸರಿಯಾಗಿ ಹೇಳು, ಹೇಗೆ ಕಾಣ್ತದೆ?’ ಅಂದರು. ಅವಳು ಹೇಳುತ್ತಾ ಹೋದಳು: ರಂಪಣಿ ಅಂದರೆ ಒಬ್ಬರ ಬಲೆ ಅಲ್ಲ, ಮನೆ ಮನೆಯ ತುಂಡು ಬಲೆ ಸೇರಿಸಿ ಹೊಲಿದದ್ದು, ಒಂದು ಕೊನೆ ದಡದಲ್ಲಿಟ್ಟು ದೋಣಿಯಲ್ಲಿ ಸುತ್ತು ಹಾಕಿ ಇನ್ನೊಂದು ಕೊನೆ ತಂದು ಎರಡೂ ಕಡೆ ಸಾಲುಗಟ್ಟಿ ಎಳೆಯುವುದು, ಆದರೆ ಅದಕ್ಕೆ ಮೊದಲು ಕಣ್ಣು ಪಳಗಿದ ಒಬ್ಬ ಸಮುದ್ರ ನೋಡುತ್ತಾ ಇರಬೇಕು, ನೀರು ಕಪ್ಪಾಗಿ ಕಂಡರೆ, ಹಕ್ಕಿ ಮುತ್ತಿದರೆ, ಅಲ್ಲಿ ಬೂತಾಯಿಯೋ ಬಂಗುಡೆಯೋ ಗುಂಪಾಗಿ ಬಂದಿದೆ ಅಂತ ಅರ್ಥ. ಸಮುದ್ರದ ಮಧ್ಯೆಯೇ ದೊಡ್ಡ ಸುತ್ತುಬಲೆ ಹಾಕುವ ಪರ್ಸೀನ್ ಇಂಜಿನ್ ಬೋಟು ಬಂದ ಮೇಲೆ ಅದೆಲ್ಲ ಹೋಯಿತು ಅಂತ ಅವಳ ಅಜ್ಜ ಬೈಯುತ್ತಿದ್ದದ್ದನ್ನೂ ಸೇರಿಸಿದಳು. ಎಪ್ಪತ್ತರ ದಶಕದಲ್ಲಿ ಆ ಬೋಟುಗಳು ಬಂದ ಮೇಲೆ ರಂಪಣಿಯವರ ಹೊಟ್ಟೆಗೆ ಬಿದ್ದ ಪೆಟ್ಟು ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ.

‘ಹಾಗಾದರೆ ಇನ್ನೂ ಚೆಂದ ಆಯ್ತು’ ಅಂದರು ಟೀಚರ್. ‘ನಮಗೆ ಕಾಣದ್ದು ನೋಡುವವನು ಒಬ್ಬ ದಡದಲ್ಲಿ ನಿಂತಿದ್ದಾನೆ.’ ಅಷ್ಟೇ ಹೇಳಿದರು. ಗಂಟೆ ಹೊಡೆಯಿತು. ಐದು ವರ್ಷ ಭಾನುವಾರ ಶಾಲೆಗೆ ಹೋದ ನನಗೆ ಈ ಕಥೆ ಬಾಯಿಪಾಠ ಬರುತ್ತಿತ್ತು, ಆದರೆ ಅದನ್ನು ನನಗೆ ಕಲಿಸಿದ್ದು ಚರ್ಚಿನ ಮೆಟ್ಟಿಲು ಹತ್ತದ ಮೊಗವೀರ ಹುಡುಗಿ.

ಇನ್ನು ಬಂಗುಡೆಯ ವಿಷಯ. 1989ರಲ್ಲಿ ನಾನು ಎಸ್ಸೆಸ್ಸೆಲ್ಸಿ ಫೇಲ್. ಬರೀ ಗಣಿತ, 29 ಅಂಕ. ರಿಸಲ್ಟ್ ದಿನ ಬೆಳಿಗ್ಗೆ ಬಸ್ಸು ಹಿಡಿದು ಶಾಲೆಗೆ ಬಂದು ಬೋರ್ಡಿನಲ್ಲಿ ನನ್ನ ನಂಬರ್ ಹುಡುಕಿದೆ, ಇಲ್ಲ. ಮೂರು ಸಲ ಹುಡುಕಿದೆ. ಪಾಸಾದವರು ಸಕ್ಕರೆ ಹಂಚುತ್ತಿದ್ದರು. ನಾನು ಬೋರ್ಡಿಂಗಿನ ಹಿಂದೆ ಹೋಗಿ ಆ ಹೆಂಚಿನ ರಾಶಿಯ ಮೇಲೆ ಕೂತೆ. ಮನೆಗೆ ಹೋಗಲಿಕ್ಕೆ ಮುಖ ಇಲ್ಲ. ಅಪ್ಪ ಗೇರು ತೋಟದಲ್ಲಿ ದುಡಿದು ಫೀಸು ಕಟ್ಟಿದವರು. ಆಗ ತಲೆಯಲ್ಲಿ ಏನೇನು ಬಂತು ಅಂತ ಈಗ ಬರೆಯುವುದು ಬೇಡ, ಈ ಸಂಚಿಕೆ ಓದುವ ಮಕ್ಕಳಲ್ಲಿ ಯಾರಾದರೂ ಹಾಗೆ ಕೂತಿದ್ದರೆ ಅವರಿಗೆ ಗೊತ್ತಿರುತ್ತದೆ.

ರಜೆಯಲ್ಲಿ ಬೋರ್ಡಿಂಗಿನಲ್ಲಿ ಯಾರೂ ಇರಲಿಲ್ಲ, ದೊಡ್ಡಮ್ಮ ಇದ್ದರು. ನನ್ನನ್ನು ನೋಡಿದರು. ರಿಸಲ್ಟ್ ಏನಾಯ್ತು ಅಂತ ಕೇಳಲಿಲ್ಲ. ‘ಒಣಸ್ ಆಂಡಾ?’ ಅಂದರು. ನಾನು ಉತ್ತರ ಕೊಡಲಿಲ್ಲ. ಅವರು ಕಾದರು. ಆಮೇಲೆ ಒಳಗೆ ಕರೆದುಕೊಂಡು ಹೋದರು. ಒಲೆಯಲ್ಲಿ ತೆಂಗಿನ ಗೆರಟೆಯ ಕೆಂಡ, ಅದರ ಮೇಲೆ ಎರಡು ಒಣ ಬಂಗುಡೆ. ಆಗಲೇ ಒಂದು ಬದಿ ಕೆಂಪಗಾಗಿತ್ತು. ಗಂಜಿ ಬಡಿಸಿ, ಮೀನಿನ ಮುಳ್ಳು ತೆಗೆದು, ಮೆಣಸು ಸೇರಿಸಿ ಕೈಯಲ್ಲೇ ಹಿಸುಕಿ ಪಕ್ಕಕ್ಕೆ ಹಾಕಿದರು. ನಾನು ಅಳುತ್ತಾ ತಿಂದೆ. ಎರಡನೇ ಸಲವೂ ಬಡಿಸಿಕೊಂಡೆ, ಸುಳ್ಳು ಯಾಕೆ ಹೇಳಲಿ. ಕೈ ತೊಳೆಯುವಾಗ ಅವರು ಅಂದದ್ದು ಇಷ್ಟೇ: ‘ಸಪ್ಟೆಂಬರ್‌ನಲ್ಲಿ ಇನ್ನೊಂದು ಸಲ ಪರೀಕ್ಷೆ ಉಂಟಲ್ಲ? ಬರೆ.’

ಬರೆದೆ. ಪಾಸಾದೆ, 41. ಆಮೇಲೆ ನರ್ಸಿಂಗ್ ಮಾಡಿದೆ. ಅದಕ್ಕೂ ಒಂದು ಎಳೆ ಇದೆ ಅನ್ನಿ: ಉಡುಪಿಯಲ್ಲಿ 1923ರಲ್ಲಿ ಡಾಕ್ಟರ್ ಇವಾ ಲೊಂಬಾರ್ಡ್ ಶುರು ಮಾಡಿದ ಮಿಷನ್ ಆಸ್ಪತ್ರೆಯಲ್ಲೇ ನಾನು ಹುಟ್ಟಿದ್ದು, ನಮ್ಮ ಕ್ಲಾಸಿನ ಅರ್ಧದಷ್ಟು ಹುಡುಗಿಯರು ಹುಟ್ಟಿದ್ದೂ ಅಲ್ಲೇ. ಬಿಳಿ ಸೀರೆಯ ಸಿಸ್ಟರ್‌ಗಳನ್ನು ನೋಡಿ ಅಮ್ಮನಿಗೆ ಇದ್ದ ಆಸೆ ಅದು. ಬೆಂಗಳೂರಿಗೆ ಬಂದೆ, ಮದುವೆ, ಮಕ್ಕಳು, ಬಾಡಿಗೆ ಮನೆ, ಸಾಲ. ಭಾನುವಾರ ಡ್ಯೂಟಿ ಇದ್ದರೆ ಚರ್ಚ್ ತಪ್ಪುತ್ತಿತ್ತು, ತಪ್ಪಿದ್ದೇ ಜಾಸ್ತಿ.

2021ರ ಮೇ ತಿಂಗಳು ಎಲ್ಲರಿಗೂ ನೆನಪಿದೆ. ನಾನಿದ್ದದ್ದು ಕೋವಿಡ್ ವಾರ್ಡಿನಲ್ಲಿ, ನೈಟ್ ಡ್ಯೂಟಿ. ಪಿಪಿಇ ಹಾಕಿಕೊಂಡರೆ ಬೆಳಗಿನವರೆಗೆ ನೀರೂ ಇಲ್ಲ. ಒಂದು ರಾತ್ರಿ ಮೂವರು ಹೋದರು. ಮೂರನೆಯವನಿಗೆ ಮೂವತ್ತು ದಾಟಿರಲಿಲ್ಲ, ಹೆಂಡತಿಗೆ ವಿಡಿಯೋ ಕಾಲ್ ಮಾಡಿಸಿ ಅಂತ ಕೇಳಿದ್ದ, ಮಾಡಿಸುತ್ತೇನೆ ಅಂದಿದ್ದೆ, ಇನ್ನೊಂದು ಬೆಡ್ಡಿಗೆ ಓಡಿ ವಾಪಸ್ ಬರುವಷ್ಟರಲ್ಲಿ ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. ಪ್ರಾರ್ಥನೆ ಮಾಡಲು ಹೋದರೆ ‘ಕರ್ತನೇ’ ಅಂತ ಒಂದು ಶಬ್ದ ಬರುತ್ತಿತ್ತು, ಮುಂದಿನದು ಬರುತ್ತಿರಲಿಲ್ಲ. ಬೆಳಿಗ್ಗೆ ಪಿಪಿಇ ಬಿಚ್ಚಿ, ಸ್ನಾನ ಮಾಡಿ, ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೆ. ನಿಜ ಹೇಳುತ್ತೇನೆ, ಅವತ್ತು ಕೆಲಸ ಬಿಡುವುದು ಅಂತ ತೀರ್ಮಾನ ಮಾಡಿಯಾಗಿತ್ತು. ಅಲ್ಲಿ ಗುಡಿಸುವ ಕೆಲಸದ ಅಕ್ಕ, ರಾಯಚೂರು ಕಡೆಯವರು, ದೂರದಲ್ಲಿ ನಿಂತುಕೊಂಡೇ ಕೇಳಿದರು, ‘ಊಟ ಮಾಡೀರೇನ್ರಿ ಸಿಸ್ಟರ್?’ ಬೆಳಿಗ್ಗೆ ಏಳು ಗಂಟೆಗೆ ಯಾವ ಊಟ! ನಾನು ತಲೆಯಾಡಿಸಿದೆ. ಅವರು ಡಬ್ಬಿ ತೆರೆದು ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನು ಪೇಪರಿನಲ್ಲಿ ಹಾಕಿ ನಡುವಿನ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದರು. ನಾನು ತಿನ್ನುವವರೆಗೆ ಅಲ್ಲೇ ನಿಂತಿದ್ದರು. ಕಾಯುವುದು ಎಲ್ಲರಿಗೂ ಬರುವುದಿಲ್ಲ.

ಮನೆಗೆ ಹೋಗಿ ಸತ್ಯವೇದ ತೆಗೆದೆ. ಯೋಹಾನ 21. ಎಷ್ಟೋ ಸಲ ಓದಿದ್ದ ಅಧ್ಯಾಯ, ಅವತ್ತು ಒಂದು ಸಾಲು ಕಣ್ಣಿಗೆ ಬಿತ್ತು. ಶಿಷ್ಯರು ದಡಕ್ಕೆ ಇಳಿಯುವಾಗ ಅಲ್ಲಿ ಕೆಂಡದ ಮೇಲೆ ಮೀನು ಆಗಲೇ ಇದೆ, ರೊಟ್ಟಿಯೂ ಇದೆ. ಇವರ ಬಲೆ ಇನ್ನೂ ನೀರಿನಲ್ಲಿದೆ, 153 ಮೀನು ಅಂತ ಎಣಿಸಿದ್ದು ಆಮೇಲೆ. ಅಂದರೆ ಬೆಳಗಿನ ಊಟ ಇವರ ಬಲೆಯ ಮೀನಿನದ್ದಲ್ಲ. ಬಲೆ ಖಾಲಿ ಬಂದಿದ್ದರೂ ಊಟ ತಯಾರಿತ್ತು! ಸತ್ತು ಎದ್ದು ಬಂದವನು ಎಷ್ಟು ಹೊತ್ತಿಗೆ ಸೌದೆ ಆರಿಸಿದನೋ, ಎಷ್ಟು ಹೊತ್ತು ಊದಿದನೋ. ಆಮೇಲೆ ನೀವು ಹಿಡಿದದ್ದರಲ್ಲೂ ಸ್ವಲ್ಪ ತನ್ನಿ ಅಂತಾನೆ, ಅದು ಬೇರೆ. ನಮ್ಮ ವಾರ್ಡಿನಲ್ಲಿ ಅವತ್ತು ಯಾವ ಅದ್ಭುತವೂ ನಡೆಯಲಿಲ್ಲ, ಮರುದಿನವೂ ನಡೆಯಲಿಲ್ಲ. ಆ ಹುಡುಗನ ಹೆಂಡತಿಗೆ ನಾನೇ ಫೋನ್ ಮಾಡಬೇಕಾಯಿತು. ಆದರೆ ರಾತ್ರಿ ಮತ್ತೆ ಡ್ಯೂಟಿಗೆ ಹೋದೆ.

ಇದನ್ನು ನಮ್ಮ ಸಭಾಪಾಲಕರಿಗೆ ಹೇಳಿದಾಗ ಅವರು ಇನ್ನೊಂದು ಸಂಗತಿ ಹೇಳಿದರು. ಕೆಂಡದ ಬೆಂಕಿ ಎಂಬುದಕ್ಕೆ ಮೂಲ ಗ್ರೀಕ್‌ನಲ್ಲಿ ಇರುವ ಆ ಶಬ್ದ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಕಡೆಯಂತೆ. ಒಂದು ಇಲ್ಲಿ, ಇನ್ನೊಂದು ಯೇಸುವನ್ನು ಹಿಡಿದ ರಾತ್ರಿ ಪೇತ್ರ ಚಳಿ ಕಾಯಿಸಿಕೊಳ್ಳುತ್ತಾ ಆತ ಯಾರೋ ನನಗೆ ಗೊತ್ತಿಲ್ಲ ಅಂದ ಅಂಗಳದಲ್ಲಿ. ದಡಕ್ಕೆ ಈಜಿ ಬಂದ ಪೇತ್ರನ ಮೂಗಿಗೆ ಅದೇ ವಾಸನೆ ಬಡಿದಿರಬೇಕು, ಅಲ್ವಾ? ಒಣ ಬಂಗುಡೆ ಸುಡುವಾಗ ನನಗೆ ಇವತ್ತಿಗೂ 29 ನೆನಪಾಗುತ್ತದೆ, ಬಾಯಲ್ಲಿ ನೀರೂ ಬರುತ್ತದೆ. ಬೆಂಗಳೂರಿನ ಫ್ಲಾಟಿನಲ್ಲಿ ಅದನ್ನು ಸುಡಲು ನೆರೆಮನೆಯವರು ಬಿಡುವುದಿಲ್ಲ, ಆ ಕಥೆ ಇಲ್ಲಿ ಬೇಡ.

ಕಳೆದ ಡಿಸೆಂಬರ್‌ನಲ್ಲಿ ಹಳೆ ವಿದ್ಯಾರ್ಥಿಗಳ ಕೂಟಕ್ಕೆ ಬಂದಿದ್ದೆ. ದೊಡ್ಡಮ್ಮ ಹೋಗಿ ಬಹಳ ವರ್ಷ ಆಯಿತು. ಅಡುಗೆಕೋಣೆಯಲ್ಲಿ ಈಗ ಗ್ಯಾಸ್. ಒಲೆ ಇದ್ದ ಮೂಲೆಯಲ್ಲಿ ನೀರಿನ ಫಿಲ್ಟರ್ ಇಟ್ಟಿದ್ದಾರೆ, ಗೋಡೆಗೆ ಎಷ್ಟು ಸಲ ಬಣ್ಣ ಹೊಡೆದರೂ ಮಸಿ ಮಾತ್ರ ಮೇಲೆ ಹಾಗೇ ಉಂಟು.

ಗೆಳತಿಯೂ ಬಂದಿದ್ದಳು. ಅವಳ ಮನೆಯವರಿಗೆ ಈಗ ಎರಡು ಬೋಟು. ಅವಳಿಗೆ ನೀತಿಪಾಠದ ಆ ದಿನ ನೆನಪೇ ಇಲ್ಲ! ನಾನು ಎಲ್ಲ ಹೇಳಿದೆ, ದೊಡ್ಡಮ್ಮ, ರೊಟ್ಟಿಯ ಅಕ್ಕ, ಅವಳ ನೀರಿನ ಬಣ್ಣ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಈಗ ದಡದಲ್ಲಿ ಯಾರೂ ನಿಲ್ಲೂದು ಬೇಡ ಮಾರಾಯ್ತಿ, ಬೋಟಿನಲ್ಲೇ ಫಿಶ್ ಫೈಂಡರ್ ಉಂಟು. ಆದ್ರೂ ಕೆಲವು ಸಲ ಖಾಲಿ ಬರ್ತಾರೆ.’ ಜೂನ್, ಜುಲೈ ಎರಡು ತಿಂಗಳು ಬೋಟು ಕಟ್ಟಿಟ್ಟಾಗ ಸಾಲದ ಕಂತು ಮಾತ್ರ ರಜೆ ತೆಗೆದುಕೊಳ್ಳುವುದಿಲ್ಲ ಅಂತಲೂ ಹೇಳಿದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರು ನನಗೂ ಗಂಜಿ ಬಡಿಸಿದ್ದಾರೆ, ನಮ್ಮ ಅಜ್ಜ ಹೋದ ದಿನ’ ಅಂದಳು. ಅದು ನನಗೆ ಗೊತ್ತಿರಲಿಲ್ಲ.

ಸಂಜೆ ಇಬ್ಬರೂ ಸಮುದ್ರದ ಬದಿಗೆ ಹೋದೆವು. ಕೈರಂಪಣಿ ಎಳೆಯುತ್ತಿದ್ದರು. ಸೀರೆ ಸೊಂಟಕ್ಕೆ ಸಿಕ್ಕಿಸಿ ನಾವೂ ಹಗ್ಗ ಹಿಡಿದೆವು, ಐವತ್ತು ದಾಟಿದ ಇಬ್ಬರನ್ನು ನೋಡಿ ಹುಡುಗರು ಕೇಕೆ ಹಾಕಿದರು. ಬಲೆಯಲ್ಲಿ ಬಂದದ್ದು ಸಣ್ಣ ಸಣ್ಣ ಮೀನು, ಜಾಸ್ತಿ ಏನಿಲ್ಲ. ಆದರೂ ಹಗ್ಗ ಮುಟ್ಟಿದವರಿಗೆ ಒಂದು ಪಾಲು ಅಂತ ಒಬ್ಬ ಅಜ್ಜ ಒಂದು ಹಿಡಿ ಮೀನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರು. ನನ್ನ ಬಸ್ಸು ಒಂಬತ್ತೂವರೆಗೆ. ಗೆಳತಿ ಕವರು ಕಸಿದುಕೊಂಡು ಮನೆ ಕಡೆ ನಡೆಯಲು ಶುರು ಮಾಡಿದಳು. ‘ಬಾ ಬೇಗ’ ಅಂದಳು, ‘ಊಟ ಮಾಡದೆ ಹೋಗ್ಬೇಡ.’