ಮನೆಯಿಂದಾದ್ರೆ ಸಲೀಸು, ಅಂಗಡಿಯಲ್ಲಿ ಒಟಿಪಿ ಒಪ್ಪದ ಸರ್ವರ್

ಮೂರು ವಾರ ತಲೆ ತಿಂದ ದೆವ್ವ ನಿನ್ನೆ ಸಿಕ್ಕಿಬಿತ್ತು.

ಮೊದಲು ಸೆಟಪ್ ಹೇಳಿಬಿಡ್ತೀನಿ. ರಾಯಚೂರು ಗಂಜ್‌ನಲ್ಲಿ ಕಾಕಾನ ಅಡತಿ ಅಂಗಡಿ, ಅಟ್ಟದ ಮೇಲೆ ಹತ್ತಿ ಧೂಳು ತಿನ್ನುತ್ತ ಕೂತ ಒಂದು ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರು (ಅದೇ ನಮ್ಮ ಸರ್ವರ್), ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿನಲ್ಲಿ ಲೆಕ್ಕಪತ್ರ. ದೂರದಿಂದ ಲಾಗಿನ್ ಆಗೋ ಎಸ್‌ಎಸ್‌ಎಚ್‌ಗೆ ಕೀ ಫೈಲು, ಮೇಲೆ ಫೋನಿನ ಆ್ಯಪ್ ಕೊಡೋ ಆರಂಕಿ ಒಟಿಪಿ. ಕರೆಂಟ್ ಹೋಗಿ ಬಂದಾಗೆಲ್ಲ ನಾನೇ ಒಳಹೊಕ್ಕು ಡಿಸ್ಕಿನ ಬೀಗ ತೆಗೀಬೇಕು. ಪಕ್ಕದ ಶಕ್ತಿನಗರದಲ್ಲಿ 1,720 ಮೆಗಾವಾಟ್ ಸ್ಥಾವರವಿದೆ. ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್‌ಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

"ತಮ್ಮಾ, ನಿನ್ನ ಡಬ್ಬಿ ಮತ್ತ ಬಾಯಿ ಮುಚ್ಕೊಂಡೈತಿ. ರೈತ ಪಟ್ಟಿ ಕೇಳಾಕತ್ಯಾನ, ಏನ್ ಕೊಡ್ಲಿ?" ಅಂತ ಕಾಕಾನ ಫೋನು.

ಮನೆಯಿಂದ ವಿಪಿಎನ್‌ನಲ್ಲಿ (ಇಂಟರ್ನೆಟ್ ಒಳಗಿನ ಖಾಸಗಿ ದಾರಿ) ಹೊಕ್ಕರೆ ಒಟಿಪಿ ಒಪ್ಪುತ್ತೆ. ಬೈಕ್ ಹತ್ತಿ ಅಂಗಡಿಗೇ ಹೋಗಿ ಕೂತರೆ ಒಪ್ಪಲ್ಲ! ಅಂಗಡಿಯ ರೌಟರ್ ಬದಲಿಸಿದೆ. ಫೋನಿನ ಆ್ಯಪ್ ಅಳಿಸಿ ಮತ್ತೆ ಹಾಕಿದೆ. ಟೈಮ್‌ಝೋನ್ ತಿದ್ದಿದೆ. ಇದು ಶುದ್ಧ ದಡ್ಡತನ, ಒಟಿಪಿ ಎಣಿಸೋದು 1970ರ ಜನವರಿ 1ರಿಂದ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಸೆಕೆಂಡುಗಳನ್ನು, 30ರ ಕಂತಿನಲ್ಲಿ, ಟೈಮ್‌ಝೋನ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ವಿಂಡೋ, ಅಂದ್ರೆ ಸರ್ವರ್ ಒಪ್ಪೋ ಅಕ್ಕಪಕ್ಕದ ಕೋಡ್‌ಗಳ ಸಂಖ್ಯೆ, 17ಕ್ಕೆ ಏರಿಸಿ ಹಿಂದೆಮುಂದೆ ನಾಲ್ಕು ನಿಮಿಷ ಸಡಿಲ ಬಿಟ್ಟೆ, ಆಗಲೂ ಇಲ್ಲ. ತುರ್ತು ಕೋಡ್‌ಗಳು? ಜಾಣ ನಾನು, ಅವನ್ನು ಅದೇ ಬೀಗ ಬಿದ್ದ ಡಿಸ್ಕಿನಲ್ಲಿ ಇಟ್ಟಿದ್ದೆ.

ಕೊನೆಗೆ ಟಿವಿ ಹೊತ್ತುಕೊಂಡು ಅಟ್ಟ ಹತ್ತಿದೆ. ಪೈಗೆ ನೇರವಾಗಿ ಪರದೆ, ಕೀಬೋರ್ಡ್ ಚುಚ್ಚಿ ಲಾಗಿನ್ ಆಗೋ ಕನ್ಸೋಲ್‌ಗೆ ಒಟಿಪಿ ಹಾಕಿರಲಿಲ್ಲ, ಪುಣ್ಯ. ಡೇಟ್ ಅಂತ ಹೊಡೆದರೆ 11:40. ಗೋಡೆ ಗಡಿಯಾರದಲ್ಲಿ 2:55. ಸರ್ವರ್ ಮೂರು ತಾಸು ಹಿಂದಿತ್ತು, ಫೋನಿನ ಒಟಿಪಿ ಅದಕ್ಕೆ ಹೇಗೆ ಹೊಂದೀತು?

ಪೈ 4ಕ್ಕೆ ಬ್ಯಾಟರಿ ಗಡಿಯಾರವೇ ಇಲ್ಲ. ಫೇಕ್-ಎಚ್‌ಡಬ್ಲ್ಯೂಕ್ಲಾಕ್ ಅನ್ನೋ ಪ್ರೋಗ್ರಾಂ ತಾಸಿಗೊಮ್ಮೆ ಬರೆದಿಟ್ಟ ಹಳೇ ಸಮಯದಿಂದಲೇ ಏಳುತ್ತೆ, ನೆಟ್ ಸಿಕ್ಕ ಮೇಲೆ ತಿದ್ದಿಕೊಳ್ಳುತ್ತೆ. ನೆಟ್ ಇದ್ದರೆ ನಾನು ಮನೆಯಿಂದಲೇ ಕೆಲಸ ಮುಗಿಸ್ತೀನಿ. ಅಂಗಡಿಗೆ ಹೋಗೋದೇ ನೆಟ್ ಇಲ್ಲದ ದಿನ. ಮೂರು ವಾರ ಇದು ಹೊಳೀಲಿಲ್ಲ ನೋಡಿ.

ಮದ್ದು: ಡಿಎಸ್3231 ಅನ್ನೋ ಬ್ಯಾಟರಿ ಗಡಿಯಾರದ ಚಿಪ್ಪು. ಆರ್ಡರ್ ಮಾಡಿದ್ದು ಅದು, ಬಂದದ್ದು ಡಿಎಸ್1307. ಜೋಡಿಸಿದ ಚಿಪ್ಪುಗಳ ವಿಳಾಸ ಹುಡುಕೋ ಐಟೂಸಿಡಿಟೆಕ್ಟ್ ಕಮಾಂಡಿನಲ್ಲಿ ಎರಡೂ 68 ಅಂತಲೇ ತೋರಿಸ್ತಾವೆ, ಮೋಸ ಹೋಗಬೇಡಿ. ನನಗೆ ಅನುಮಾನ ಬಂದದ್ದು ಚಿಪ್ಪಿನ ಕಾಲು ಎಣಿಸಿದಾಗ, 16 ಇರಬೇಕಾದಲ್ಲಿ 8. 1307ರ ಹರಳು ಬಿಸಿಲಿಗೆ ಲಯ ತಪ್ಪುತ್ತೆ, ನಮ್ಮೂರ ಮೇ ತಿಂಗಳಿಗೆ ಅದು ನಾಲಾಯಕ್ಕು. 3231 ಉಷ್ಣತೆ ನೋಡಿ ತಾನೇ ತಿದ್ದಿಕೊಳ್ಳುತ್ತೆ. 40 ಡಿಗ್ರಿವರೆಗೆ ವರ್ಷಕ್ಕೆ ಹೆಚ್ಚುಕಮ್ಮಿ ಒಂದು ನಿಮಿಷದ ತಪ್ಪು. 40ರ ಮೇಲೂ ಒಂದು ಸಾಲಿದೆ ಡೇಟಾಶೀಟಿನಲ್ಲಿ, ರಾಯಚೂರಿಗೆಂದೇ ಬರೆದಂತೆ.

  

ಎರಡನೇ ಅಂಗಡಿಯಿಂದ ತರಿಸಿದ 3231 ಕೂರಿಸಿ, ಪೈಗೆ ಅದರ ಗುರುತು ಹೇಳೋ ಓವರ್‌ಲೇ ಸಾಲು ಸೇರಿಸಿ, ಫೇಕ್-ಎಚ್‌ಡಬ್ಲ್ಯೂಕ್ಲಾಕ್ ಕಿತ್ತೆ. ಪ್ಲಗ್ಗು, ಫೈಬರ್ ಎರಡೂ ತೆಗೆದು ಊಟಕ್ಕೆ ಹೋದೆ. ಒಂದು ತಾಸಿನ ಮೇಲೆ ಬರೀ ಪ್ಲಗ್ ಹಾಕಿದೆ. ಮೊದಲ ಒಟಿಪಿಗೇ ಒಳಗೆ ಬಿಟ್ಟಿತು.

ಆ 1307 ಇನ್ನೂ ಮೇಜಿನ ಮೇಲಿದೆ. ವಾಪಸ್ ಕಳಿಸೋ ಕೊರಿಯರ್ ಖರ್ಚು ನಂದೇ ಅಂತೆ.