ಬೆಳಿಗ್ಗೆ ಎದ್ದ ಕೂಡಲೇ ಏನು ನುಂಗ್ತೀರಿ?

ಈ ಮಂಗಳವಾರ ನಮ್ಮತ್ತೆಯನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅಲ್ಲಿ ನಡೆದ ಒಂದು ಮಾತುಕತೆ ಇನ್ನೂ ತಲೆಯಿಂದ ಇಳಿದಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹೊರಗೆ ಕುರ್ಚಿ ಸಾಲದಷ್ಟು ಜನ. ಅತ್ತೆಯ ಸೊಂಟ ನೋಡಿದರು, "ಫಂಗಸ್" ಅಂದರು, ಚೀಟಿ ಬರೆಯಲು ಶುರು ಮಾಡಿದರು. ಬರೆಯುತ್ತಲೇ ಕೇಳಿದರು, "ಅಮ್ಮಾ, ಬೇರೆ ಯಾವ್ದಾದ್ರೂ ಮಾತ್ರೆ ತಗೊಳ್ತಾ ಇದೀರಾ?"

"ಏನೂ ಇಲ್ಲ ಕಣವ್ವ."

ನಾನು ಬಾಯಿ ತೆರೆಯುವುದರೊಳಗೆ ಡಾಕ್ಟರೇ ಪೆನ್ನು ನಿಲ್ಲಿಸಿ ತಲೆ ಎತ್ತಿದರು. "ಬೆಳಿಗ್ಗೆ ಎದ್ದ ಕೂಡಲೇ ಏನು ನುಂಗ್ತೀರಿ?"

"ಗ್ಯಾಸಿಂದು ಒಂದು."

"ತಿಂಡಿ ಹೊತ್ತಿಗೆ?"

"ಶುಗರ್‌ದು. ಆಮೇಲೆ ಬಿಪಿದು."

"ರಾತ್ರಿ ಮಲಗೋವಾಗ?"

"ಕೊಬ್ಬು ಕರಗಕ್ಕೆ ಅಂತ ಒಂದು ಕೊಟ್ಟವ್ರೆ."

"ಮತ್ತೆ ಏನೂ ಇಲ್ಲ ಅಂದ್ರಲ್ಲಮ್ಮಾ?"

"ಅವು ದಿನಾ ತಗೊಳೋವು ಕಣವ್ವ. ನೀನು ಕೇಳಿದ್ದು ಈ ಕಡಿತಕ್ಕೆ ಅಲ್ವಾ?"

ಅತ್ತೆ ಸುಳ್ಳು ಹೇಳಿರಲಿಲ್ಲ. ದಿನಾ ನುಂಗುವ ಮಾತ್ರೆ ಅವರ ಪಾಲಿಗೆ ಔಷಧಿಯಾಗಿ ಉಳಿದೇ ಇಲ್ಲ, ಕಾಫಿ ಕುಡಿದ ಹಾಗೆ ಅದೂ ಒಂದು. ಎಲೆಅಡಿಕೆ ಚೀಲದಿಂದ ಮಾತ್ರೆಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಅಂಗಡಿಯವರು ಕತ್ತರಿಯಲ್ಲಿ ಕತ್ತರಿಸಿ ಕೊಟ್ಟ ಚೂರುಗಳು. ಒಂದರ ಮೇಲೆ ಅರ್ಧ ಹೆಸರು, ಇನ್ನೊಂದರ ಮೇಲೆ ಬರೀ ಬೆಲೆ. ಡಾಕ್ಟರು ಒಂದೊಂದನ್ನೂ ಬೆಳಕಿಗೆ ಹಿಡಿದು, ತಿರುಗಿಸಿ ಓದಿದರು. ಹೆಸರಿಲ್ಲದ್ದನ್ನು ಹಳೇ ಚೀಟಿಯ ಜೊತೆ ಹೊಂದಿಸಿ ನೋಡಿದರು. ಆಮೇಲೆ ಆಗಲೇ ಬರೆದಿದ್ದ ಒಂದು ಸಾಲನ್ನು ಹೊಡೆದು ಹಾಕಿದರು.

ಆ ಸಾಲು ಇಟ್ರಾಕೊನಜೋಲ್. ಹುಳುಕಡ್ಡಿ ಜಾಸ್ತಿ ಹಬ್ಬಿದಾಗ ಕೊಡುವ ಕ್ಯಾಪ್ಸೂಲ್. ಒಳ್ಳೆಯ ಔಷಧಿಯೇ. ಆದರೆ ಅತ್ತೆಯ ಚೀಲದಲ್ಲಿದ್ದ ಹೆಚ್ಚುಕಮ್ಮಿ ಎಲ್ಲದರ ಜೊತೆಗೂ ಅದಕ್ಕೆ ಜಗಳ. ಕೊಬ್ಬಿನ ಮಾತ್ರೆ ಅಟೋರ್ವಾಸ್ಟಾಟಿನ್. ಅದನ್ನು ಒಡೆದು ಹೊರಗೆ ಹಾಕುವ ಲಿವರ್‌ನ ಕಿಣ್ವವನ್ನೇ ಇಟ್ರಾಕೊನಜೋಲ್ ತಡೆಯುತ್ತದೆ. ಮಾತ್ರೆ ಮೈಯಲ್ಲೇ ಕೂಡಿಕೊಂಡು ಮಾಂಸಖಂಡಕ್ಕೆ ಏಟು ಬೀಳಬಹುದು, ಅದರಿಂದ ಕಿಡ್ನಿಗೂ ತೊಂದರೆಯಾಗಬಹುದು. ಅದೇ ಜಾತಿಯ ಸಿಮ್ವಾಸ್ಟಾಟಿನ್ ಆಗಿದ್ದರಂತೂ ಜೊತೆಗೆ ಕೊಡಲೇಬಾರದು. ಬಿಪಿಯ ಆಮ್ಲೋಡಿಪಿನ್ ಕೂಡ ರಕ್ತದಲ್ಲಿ ಹೆಚ್ಚಾಗಿ ಕಾಲು ಊದಬಹುದು, ಬಿಪಿ ಅತಿಯಾಗಿ ಇಳಿಯಬಹುದು. ಬೆಳಗಿನ ಗ್ಯಾಸ್ ಮಾತ್ರೆಯದು ಇನ್ನೊಂದು ಕಥೆ. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಮೈಗೆ ಹತ್ತಬೇಕಾದರೆ ಹೊಟ್ಟೆಯಲ್ಲಿ ಆಸಿಡ್ ಬೇಕು, ಅದಕ್ಕೇ ಹೊಟ್ಟೆ ತುಂಬ ಊಟ ಮಾಡಿದ ಕೂಡಲೇ ತೆಗೆದುಕೊಳ್ಳಿ ಅನ್ನುತ್ತಾರೆ. ಅತ್ತೆಯ ಗ್ಯಾಸ್ ಮಾತ್ರೆ ಪ್ಯಾಂಟೊಪ್ರಜೋಲ್ ಆ ಆಸಿಡ್ಡನ್ನೇ ಕಮ್ಮಿ ಮಾಡುತ್ತದೆ. ದುಬಾರಿ ಕ್ಯಾಪ್ಸೂಲ್ ನುಂಗಿಯೂ ಅರ್ಧಂಬರ್ಧ ಫಲ. ಹಾರ್ಟ್ ಫೇಲ್ಯೂರ್ ಇರುವವರಿಗೆ ಚರ್ಮದ ಕಾಯಿಲೆಗೆ ಇದನ್ನು ಕೊಡುವುದೇ ಇಲ್ಲ.

"ಹಾಗಾದ್ರೆ ವಾರಕ್ಕೊಂದು ನುಂಗೋದು ಇದೆಯಲ್ಲ ಮೇಡಂ?" ಅಂತ ಕೇಳಿದೆ. ಫ್ಲೂಕೊನಜೋಲ್ ನಮ್ಮ ಬೀದಿಯಲ್ಲಿ ಸುಮಾರು ಜನಕ್ಕೆ ಗೊತ್ತು. "ಶುಗರ್‌ಗೆ ಗ್ಲಿಮೆಪಿರೈಡ್ ತಗೊಳ್ತಾ ಇದಾರೆ. ಎರಡೂ ಸೇರಿದ್ರೆ ಶುಗರ್ ಇದ್ದಕ್ಕಿದ್ದಂತೆ ಕೆಳಗೆ ಹೋಗಬಹುದು. ರಕ್ತ ತೆಳು ಮಾಡೋ ವಾರ್ಫರಿನ್ ತಗೊಳ್ಳೋರಿಗೆ ರಕ್ತಸ್ರಾವದ ಭಯ" ಅಂದರು. ಇದನ್ನೆಲ್ಲ ಹೇಳುವಾಗ ಅವರ ದನಿಯಲ್ಲಿ ಅವಸರವೇ ಇರಲಿಲ್ಲ. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ.

ಮನೆಗೆ ಬಂದ ಮೇಲೆ, ಫಂಗಸ್ ಔಷಧಿಗೇ ಯಾಕೆ ಇಷ್ಟು ರಗಳೆ ಅಂತ ಹುಡುಕಿ ಓದಿದೆ. ಬ್ಯಾಕ್ಟೀರಿಯಾ ನಮ್ಮ ಜೀವಕೋಶಕ್ಕಿಂತ ತುಂಬ ಬೇರೆ, ಅದನ್ನಷ್ಟೇ ಗುರಿಯಿಟ್ಟು ಹೊಡೆಯುವುದು ಸುಲಭ. ಫಂಗಸ್ ಹಾಗಲ್ಲ, ಅದರ ಜೀವಕೋಶ ಎಷ್ಟೋ ವಿಷಯದಲ್ಲಿ ನಮ್ಮದರ ಹಾಗೇ ಇದೆ. ಇಟ್ರಾಕೊನಜೋಲ್, ಫ್ಲೂಕೊನಜೋಲ್ ತಡೆಯುವುದು ಫಂಗಸ್ಸಿನ ಒಂದು ಕಿಣ್ವವನ್ನು. ಅದೇ ಜಾತಿಯ ಕಿಣ್ವಗಳು ನಮ್ಮ ಲಿವರ್‌ನಲ್ಲೂ ಇವೆ, ನಾವು ನುಂಗುವ ಬೇರೆ ಮಾತ್ರೆಗಳನ್ನು ಒಡೆಯುವ ಕೆಲಸ ಅವುಗಳದ್ದು. ಹಿಂದೆ ಕೀಟೊಕೊನಜೋಲ್ ಮಾತ್ರೆ ಧಾರಾಳವಾಗಿ ಕೊಡುತ್ತಿದ್ದರು. ಲಿವರ್ ಕೆಡಿಸುತ್ತದೆ ಅಂತ 2013ರಲ್ಲಿ ಯುರೋಪಿನಲ್ಲಿ ಅದನ್ನು ಫಂಗಸ್‌ಗೆ ಕೊಡುವುದು ನಿಲ್ಲಿಸಲು ಹೇಳಿದರು, ಅಮೆರಿಕದಲ್ಲಿ ಚರ್ಮ, ಉಗುರಿನ ಫಂಗಸ್‌ಗೆ ಬೇಡ ಅಂದರು.

ಅತ್ತೆಗೆ ಮಾತ್ರ ಇದ್ಯಾವುದರ ಚಿಂತೆಯೂ ಇರಲಿಲ್ಲ. "ಫಂಗಸ್" ಅಂದಾಗ ಹೆದರಿದ್ದು ಬೇರೆ ಕಾರಣಕ್ಕೆ. 2021ರಲ್ಲಿ ಕೊರೊನಾ ಹಿಂದೆಯೇ ಕಪ್ಪು ಫಂಗಸ್ ಬಂದು ಜನರ ಕಣ್ಣು ತೆಗೆದದ್ದನ್ನು ಟಿವಿಯಲ್ಲಿ ನೋಡಿದ್ದರು. "ಕಣ್ಣಿಗೆ ಬತ್ತದಾ?" ಅಂತ ನನ್ನ ಕಿವಿಯಲ್ಲಿ ಕೇಳಿದರು. ಅದೇ ಬೇರೆ, ಇದೇ ಬೇರೆ ಅಂತ ಡಾಕ್ಟರು ಬಿಡಿಸಿ ಹೇಳಿದ ಮೇಲೆ ಉಸಿರು ಬಿಟ್ಟರು.

ಶುರುವಾಗಿದ್ದು ಲಂಗದ ಲಾಡಿ ಕಟ್ಟುವ ಜಾಗದಲ್ಲಿ. ಬೇಸಿಗೆ, ಬೆವರು, ಬಿಗಿ ಲಾಡಿ. ಮೊದಲು ಒಂದು ರೂಪಾಯಿ ಅಗಲದ ಕೆಂಪು ಬಳೆ. ಅದನ್ನು ಯಾರಿಗೂ ತೋರಿಸಲಿಲ್ಲ, ಬರೀ "ಕಡೀತದೆ" ಅಂದರು. ನನ್ನ ಮೈದುನ ಮೆಡಿಕಲ್ ಸ್ಟೋರಿಂದ ಒಂದು ಟ್ಯೂಬ್ ತಂದುಕೊಟ್ಟ. ಅವನು ಒಳ್ಳೆಯ ಹುಡುಗ, ತಾಯಿ ಅಂದರೆ ಪ್ರಾಣ. ಆದರೆ ಡಾಕ್ಟರ ಫೀಸು ಅಂದರೆ ಅವನಿಗೆ ದಂಡ ಕಟ್ಟಿದ ಹಾಗೆ. ಯಾವ ಕಾಯಿಲೆ ಇದ್ದರೂ ಮೊದಲು ಅಂಗಡಿ.

ಟ್ಯೂಬ್ ಹಚ್ಚಿದ ಮೇಲೆ ಕಡಿತ ಬೇಗ ನಿಂತಿತು. ಮಗ ತಂದ ಔಷಧಿ ಅಂತ ಅತ್ತೆ ಅಕ್ಕಪಕ್ಕದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಆಮೇಲೆ ಬೆನ್ನಿಗೆ ಬಂತು, ಹೊಟ್ಟೆಗೆ ಬಂತು, ಬಳೆಯ ಆಕಾರವೂ ಉಳಿಯಲಿಲ್ಲ. ಡಾಕ್ಟರು ಟ್ಯೂಬಿನ ಹಿಂಬದಿ ನನಗೆ ತೋರಿಸಿದರು. ಫಂಗಸ್ ಔಷಧಿ, ಆಂಟಿಬಯೋಟಿಕ್, ಜೊತೆಗೆ ಕ್ಲೊಬೆಟಸಾಲ್ ಅನ್ನುವ ತುಂಬ ಜೋರಾದ ಸ್ಟೀರಾಯ್ಡ್. ಸ್ಟೀರಾಯ್ಡ್ ಕಡಿತವನ್ನೂ ಕೆಂಪನ್ನೂ ಅಡಗಿಸುತ್ತದೆ, ಒಳಗೆ ಫಂಗಸ್ ಆರಾಮಾಗಿ ಬೆಳೆಯುತ್ತದೆ. ಚರ್ಮ ತೆಳುವಾಗುತ್ತದೆ. ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ ಷೆಡ್ಯೂಲ್ ಎಚ್‌ಗೆ ಸೇರಿಸಿದೆ. ಟ್ಯೂಬಿನ ಮೇಲೂ ಹಾಗೇ ಅಚ್ಚಾಗಿದೆ. ಮೈದುನನನ್ನು ಆ ಅಂಗಡಿಯವನು ಒಂದು ಮಾತೂ ಕೇಳಲಿಲ್ಲ. ನನಗೆ ನಿಜವಾಗಿ ಸಿಟ್ಟು ಬಂದದ್ದು ಇದಕ್ಕೆ. ಈಗ ನಮ್ಮಲ್ಲಿ ಹಬ್ಬಿರುವ ಟ್ರೈಕೊಫೈಟಾನ್ ಇಂಡೊಟಿನಿಯೆ ಅನ್ನುವ ಫಂಗಸ್, ಟರ್ಬಿನಫಿನ್ ಅನ್ನುವ ಫಂಗಸ್ ಔಷಧಿ ಕೊಟ್ಟರೂ ಎಷ್ಟೋ ಜನರಲ್ಲಿ ಜಗ್ಗುವುದಿಲ್ಲ. ನ್ಯೂಯಾರ್ಕಿನಲ್ಲೂ ಕಾಣಿಸಿಕೊಂಡಿದೆ ಅಂತ 2023ರಲ್ಲಿ ವರದಿಯಾಯಿತು. ಅದು ಹೀಗೆ ಬೆಳೆಯಲು ಈ ಟ್ಯೂಬುಗಳ ಪಾಲೂ ಇದೆ ಅನ್ನುತ್ತಾರೆ ಚರ್ಮದ ಡಾಕ್ಟರುಗಳು.

ಆದರೂ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ "ಏನೂ ಇಲ್ಲ ಕಣವ್ವ" ಹತ್ತಿರವೇ. ನಮ್ಮತ್ತೆ ಎಲ್ಲದಕ್ಕೂ ಹೀಗೇ. ಏನಾದ್ರೂ ಬೇಕಾ ಅತ್ತೆ ಅಂದರೆ ಏನೂ ಬೇಡ. ಕಾಲು ನೋಯ್ತಾ ಇದೆಯಾ ಅಂದರೆ ಏನೂ ಇಲ್ಲ. ಆ ವಯಸ್ಸಿನ ಹೆಂಗಸರಿಗೆ ಇದು ಮನೆಯೇ ಕಲಿಸಿದ ಪಾಠ. ಸಣ್ಣವಳಿದ್ದಾಗ ಅಪ್ಪನಿಗೆ, ಆಮೇಲೆ ಗಂಡನಿಗೆ, ಅತ್ತೆಗೆ ತೊಂದರೆ ಕೊಡಬಾರದು, ತನ್ನದೇನಿದ್ದರೂ ನುಂಗಿಕೊಳ್ಳಬೇಕು. ಸೊಂಟದ ಕೆಳಗಿನ ತೊಂದರೆಯಾದರೆ ಮಗನ ಹತ್ತಿರವೂ ಹೇಳುವಂತಿಲ್ಲ. ಅಂಥವರನ್ನು ಡಾಕ್ಟರ ಮುಂದೆ ಕೂರಿಸಿ ಬೇರೆ ಮಾತ್ರೆ ಇದೆಯಾ ಅಂತ ಒಂದೇ ಉಸಿರಿನಲ್ಲಿ ಕೇಳಿದರೆ ಇನ್ನೇನು ಉತ್ತರ ಬರುತ್ತದೆ? ಆ ಡಾಕ್ಟರು ದಿನದ ಹೊತ್ತು ಹಿಡಿದು ಕೇಳಿದರು. ಬೆಳಿಗ್ಗೆ, ತಿಂಡಿ, ರಾತ್ರಿ. ಅಷ್ಟಕ್ಕೇ ಎಲ್ಲ ಹೊರಗೆ ಬಂತು. ಅತ್ತೆಯನ್ನು ಬೈಯಲಿಲ್ಲ, ನಗಲಿಲ್ಲ. ಇಂಥ ಒಬ್ಬ ಡಾಕ್ಟರನ್ನು ಹೆತ್ತ ತಾಯಿಗೆ ಕೈ ಮುಗಿಯಬೇಕು ಅನ್ನಿಸಿತು.

ಕೊನೆಗೆ ಲಿವರ್ ಟೆಸ್ಟ್ ಮಾಡಿಸಿ, ರಿಪೋರ್ಟ್ ನೋಡಿಕೊಂಡು ಟರ್ಬಿನಫಿನ್ ಶುರು ಮಾಡಿದ್ದಾರೆ. ಸರಿಹೋಗದಿದ್ದರೆ ಶುಗರ್ ಡಾಕ್ಟರ ಜೊತೆ ಮಾತಾಡಿ ಮುಂದಿನದು ಯೋಚಿಸ್ತೀನಿ, ಅಲ್ಲಿಯವರೆಗೆ ಯಾವ ಮಾತ್ರೆಯನ್ನೂ ನೀವಾಗೇ ನಿಲ್ಲಿಸಬೇಡಿ ಅಂದಿದ್ದಾರೆ. ಊಟ ಸೇರದಿದ್ದರೆ, ವಾಂತಿ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಮಾತ್ರ ಟರ್ಬಿನಫಿನ್ ನಿಲ್ಲಿಸಿ ಅವತ್ತೇ ಬರಬೇಕು. ಅವರು ಬರೆದುಕೊಟ್ಟ ಮುಲಾಮನ್ನು ಕಲೆಯ ಅಂಚಿನಿಂದ ಒಂದೆರಡು ಬೆರಳು ಆಚೆಗೂ ಹಚ್ಚಬೇಕು, ಕಲೆ ಹೋದ ಮೇಲೂ ಎರಡು ವಾರ ಬಿಡಬಾರದು. ಲಂಗ, ಟವೆಲ್ಲು ಬಿಸಿನೀರಲ್ಲಿ ಒಗೆದು ಬಿಸಿಲಲ್ಲೇ ಒಣಗಿಸಬೇಕು.

ಮೈದುನನ ಮಗಳಿಗೂ ತೊಡೆಯಲ್ಲಿ ಕಡಿತವಂತೆ, ಅದೇ ಟ್ಯೂಬ್ ಹಚ್ಚುತ್ತಿದ್ದಾರಂತೆ. ನಿನ್ನೆ ಫೋನು ಮಾಡಿ ಜೋರಾಗೇ ಹೇಳಿದೆ. ಮೊದಲು ಗೊಣಗಿದ, ಆಮೇಲೆ ಒಪ್ಪಿದ. ಸೋಮವಾರ ಮಕ್ಕಳನ್ನು ಕರೆದುಕೊಂಡು ಬರುತ್ತಾನೆ. ಟ್ಯೂಬನ್ನೂ ತರಲು ಹೇಳಿದ್ದೇನೆ, ಡಾಕ್ಟರು ನೋಡಲಿ.